ಅರ್ಧ ಇಂಚಿನ ಸುಳ್ಳು

"ಎಷ್ಟಿದೆ? ಬೇಗ ಹೇಳೇ!"

ಅಣ್ಣ ಉಸಿರು ಬಿಗಿಹಿಡಿದು, ತೋಳು ಮಡಚಿ ನಿಂತಿದ್ದ. ಮುಖ ಟೊಮ್ಯಾಟೊ ಹಾಗೆ ಕೆಂಪಗಾಗಿತ್ತು.

ತಂಗಿ ಗುಬ್ಬಿ ಅಪ್ಪನ ಅಳತೆ ಟೇಪನ್ನು ಅವನ ತೋಳಿಗೆ ಸುತ್ತಿದಳು. ಹತ್ತೂವರೆ ಇಂಚು. ಹೋದ ತಿಂಗಳೂ ಅಷ್ಟೇ ಇತ್ತು. ಪಾಪ, ದಿನಾ ಕಾಲೇಜಿಗೆ ಮುಂಚೆ ಜಿಮ್ಮಿಗೆ ಓಡುತ್ತಾನೆ.

"ಹನ್ನೊಂದು!" ಎಂದುಬಿಟ್ಟಳು.

ಅಣ್ಣ ಮಂಚ ಹತ್ತಿ ಕುಣಿದ.

ಅಂದಿನಿಂದ ತೋಳು ವಾರಕ್ಕೆ ಅರ್ಧ ಇಂಚು ಬೆಳೆಯಿತು, ಗುಬ್ಬಿಯ ಬಾಯಲ್ಲಿ ಮಾತ್ರ. ಎದೆಯೂ ಬೆಳೆಯಿತು.

ಅಪ್ಪ ಟೈಲರ್. ಕಾಲೇಜ್ ಡೇಗೆ ಟೈಟ್ ಶರ್ಟ್ ಬೇಕೆಂದು ಅಣ್ಣ ಗುಬ್ಬಿ ಹೇಳಿದ ಅಳತೆಯ ಚೀಟಿ ಕೊಟ್ಟ. ಅಪ್ಪ ಚೀಟಿ ನೋಡಿದರು, ಕನ್ನಡಕದ ಮೇಲಿಂದ ಗುಬ್ಬಿಯನ್ನೂ ನೋಡಿದರು.

"ಗಿರಾಕಿ ಕೊಟ್ಟಿದ್ದೇ ಅಳತೆಯಪ್ಪ," ಎಂದು ಬಟ್ಟೆ ಕತ್ತರಿಸಿದರು.

ಅಣ್ಣ ಶರ್ಟ್ ತೊಟ್ಟಾಗ ಅದರ ತೋಳು ಬಾವುಟದಂತೆ ಪಟಪಟ ಹಾರಿತು.

"ಒಳಗೆ ಯಾರಾದ್ರೂ ಇದೀರಾ?" ಎಂದಳು ಅಮ್ಮ.

ಗುಬ್ಬಿಗೆ ನಗು ಬರಲಿಲ್ಲ. "ಅಣ್ಣಾ, ನಾನೇ ಸುಳ್ಳು ಹೇಳ್ದೆ. ನಿಂಗೆ ಖುಷಿಯಾಗ್ಲಿ ಅಂತ."

ಅಣ್ಣ ಶರ್ಟ್ ಕಿತ್ತೆಸೆದು ಮಂಚದ ಮೇಲೆ ಕುಸಿದ. ಬೈಯಲೂ ಇಲ್ಲ.

"ಜಿಮ್ಮಲ್ಲಿ ನಗ್ತಾರೆ. ಬೆಟ್ಟದಾಚೆಯಿಂದ ಬಂದೋರಿಗೆ ಮೈಯೇ ಬರಲ್ವಂತೆ. ನಿಮ್ಮ ಜನದಲ್ಲಿ ಗಂಡಸ್ರೇ ಇಲ್ಲ, ಎಲ್ಲಾ ಕಡ್ಡಿ ಪೈಲ್ವಾನರೇ ಅಂತಾರೆ."

ಅಪ್ಪನ ಮಿಷನ್ ನಿಂತಿತು.

"ಈ ಊರಿಗೆ ಬಂದ ಹೊಸದ್ರಲ್ಲಿ ನಂಗೂ ಹಂಗೇ ಅಂದಿದ್ರು ಕಣೋ. ಅದಕ್ಕೆ ನಾನು ಶರ್ಟ್ ತೋಳೊಳಗೆ ಹತ್ತಿ ತುಂಬ್ಕೊಂಡು ಓಡಾಡ್ತಿದ್ದೆ."

"ನನ್ನ ನೋಡೋಕೆ ನಮ್ಮನೆಗೆ ಮೊದಲ ಸಲ ಬಂದಾಗ್ಲೂ!" ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಟೀ ಲೋಟ ಎತ್ತಿದ್ರು ನೋಡು, ಒಂದು ಉಂಡೆ ಹತ್ತಿ ಪುಳಕ್ ಅಂತ ಟೀಯೊಳಗೆ ಬಿತ್ತು!"

"ಆಮೇಲೆ?" ಅಣ್ಣನ ತಲೆ ಮೇಲೆದ್ದಿತು.

"ಆಮೇಲೇನು, ಇವರು ಹತ್ತಿ ಸಮೇತ ಕುಡಿದ್ಬಿಟ್ರು. ನಂಗೆ ನಗು ತಡಿಯೋಕಾಗ್ಲಿಲ್ಲ. ಮದುವೆಯಾದ್ರೆ ಇವರನ್ನೇ ಅಂದೆ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ಆ ನೀರೆಲ್ಲ ನಗುವಿನದಲ್ಲ ಎಂದು ಗುಬ್ಬಿಗೆ ಕಂಡಿತು.

ಅವಳ ಕ್ಲಾಸಿನಲ್ಲೂ ಕೆಲವರು ಅವಳ ಮಾತಿನ ರಾಗವನ್ನು ಅಣಕಿಸುತ್ತಿದ್ದರು. ಅಣ್ಣನಿಗೆ ಇಂಥದ್ದೆಲ್ಲ ತಾಗುವುದೇ ಇಲ್ಲ, ಹೇಳಿದರೆ ನಕ್ಕುಬಿಡುತ್ತಾನೆ ಅಂದುಕೊಂಡು ಅವಳು ಇಷ್ಟು ದಿನ ಸುಮ್ಮನಿದ್ದಳು.

ಮೆಲ್ಲಗೆ ಹೋಗಿ ಮಂಚದ ಪಕ್ಕ ನಿಂತಳು.

"ಅಣ್ಣಾ, ನಮ್ ಕ್ಲಾಸಲ್ಲೂ ಒಂದು ವಿಷಯ ಇದೆ."

ಅಣ್ಣ ಸರಿದು ಜಾಗ ಬಿಟ್ಟ. ಗುಬ್ಬಿ ಕೂತು, ಒಂದೊಂದಾಗಿ ಹೇಳತೊಡಗಿದಳು.