ಒಂದೆರಡು ಗ್ರಾಂ ಆಚೀಚೆ

ನಾಲ್ಕನೆಯ ದಿನವೂ ದೋಣಿ ಅಂಟುತ್ತಿತ್ತು.

ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಬೋರಲಾಗಿ ಮಲಗಿಸಿದ್ದ ಹನ್ನೆರಡು ಅಡಿಯ ಪ್ಲೈವುಡ್ ದೋಣಿ. ಭಾನುವಾರ ಅದರ ಮೈಗೆ ಗಾಜಿನ ನೂಲಿನ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಕುಡಿಸಿದ್ದೆವು. ಮರುದಿನಕ್ಕೆ ಅದು ಕಲ್ಲಾಗಬೇಕಿತ್ತು. ಬೆರಳಿಟ್ಟರೆ ಜೇನಿನಲ್ಲಿ ಇಟ್ಟ ಹಾಗೆ.

"ಗಾಳೀಲಿ ತೇವ ಇದೆ ಮೇಡಂ, ಒಣಗುತ್ತೆ ಬಿಡಿ," ಎಂದಿದ್ದ ಸೋಮವಾರ, ನನ್ನ ಜೊತೆ ಬಟ್ಟೆ ಹೊದಿಸಿದವನು. ಮಂಗಳವಾರ ಏನೂ ಅನ್ನಲಿಲ್ಲ. ಬುಧವಾರ ಬೆಳಿಗ್ಗೆ ನನ್ನ ಮುಖ ನೋಡದೆ, "ಅಳತೆ ಒಂದೆರಡು ಗ್ರಾಂ ಆಚೀಚೆ ಆಗಿರಬಹುದೇನೋ," ಎಂದ.

ಅಳತೆ ನನ್ನದಾಗಿತ್ತು.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು. ಆ ಅಂಟಿನ ರೆಸಿನ್ ಹತ್ತು ಕಪ್, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಹತ್ತು ಕಪ್ ತೂಗಿ ಸಾಲಾಗಿ ಇಟ್ಟಿದ್ದೆ, ನೂರು ಗ್ರಾಂಗೆ ನಲವತ್ತೈದರಂತೆ. ಒಂದರೊಳಗೊಂದು ಸುರಿದು ಕಲಸಿ ಕೊಟ್ಟವನು ಅವನು. ಕಲಸಿದ ಮೇಲೆ ಇಪ್ಪತ್ತು ನಿಮಿಷದಲ್ಲಿ ಹರಡಿ ಮುಗಿಸಬೇಕು, ಇಲ್ಲದಿದ್ದರೆ ಕಪ್ಪಿನಲ್ಲೇ ಬಿಸಿಯೇರಿ ಹೊಗೆಯಾಡುತ್ತದೆ.

ಅವನದು ಎದುರು ಬೀದಿಯ ಕಾರ್ ವರ್ಕ್‌ಶಾಪಿನಲ್ಲಿ ಡೆಂಟಿಂಗ್, ಪೇಂಟಿಂಗ್ ಕೆಲಸ. ನಾಲ್ಕು ತಿಂಗಳ ಹಿಂದೆ ಕೊಯ್ದ ಹೆಬ್ಬೆರಳಿಗೆ ಪಟ್ಟಿ ಕೇಳಿಕೊಂಡು ಅಂಗಡಿಗೆ ಬಂದಿದ್ದ. ಮರ ಉಜ್ಜುವುದಕ್ಕೆ ಯಾವ ನಂಬರಿನ ಸ್ಯಾಂಡ್‌ಪೇಪರ್ ಒಳ್ಳೆಯದು ಎಂದು ನಾನೇ ಕೇಳಿದ್ದೆ. "ನೀವು ಏನು ಉಜ್ಜಬೇಕು?" ಎಂದ. "ದೋಣಿ," ಎಂದೆ. ನಗಲಿಲ್ಲ. ಆ ಭಾನುವಾರವೇ ಬಂದ. ಮುಂದಿನ ಭಾನುವಾರವೂ. ಧೂಳಿನ ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು. ಕಣ್ಣಿನಲ್ಲೇ ನಗುವುದನ್ನು ನಾನು ಕಲಿತದ್ದು ಆ ಶೆಡ್ಡಿನಲ್ಲಿ. ನನಗೆ 'ಗ್ರಾಂ ಮೇಡಂ' ಎಂದು ಹೆಸರಿಟ್ಟವನೂ ಅವನೇ.

ಅಂಥವನು ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ತಕ್ಕಡಿಯನ್ನು ಅಂಗಡಿಗೆ ಒಯ್ದು ಪರೀಕ್ಷಿಸಿದೆ. ಸರಿಯಾಗಿತ್ತು. ಹಾಗಾದರೆ ಕೆಟ್ಟಿರುವುದು ನನ್ನ ಕಣ್ಣು. ಅಂದು ಇಡೀ ದಿನ ಪ್ರತಿ ಚೀಟಿಯನ್ನೂ ಮೂರು ಸಲ ಓದಿದೆ. "ಏನಮ್ಮ, ಮಾತ್ರೆ ಎಣಿಸ್ತಿದ್ದೀಯೋ, ಮಗ್ಗಿ ಒಪ್ಪಿಸ್ತಿದ್ದೀಯೋ?" ಎಂದರು ಒಬ್ಬರು ಅಜ್ಜ.

ಗುರುವಾರ ಬೆಳಿಗ್ಗೆ ಶೆಡ್ ಗುಡಿಸುವಾಗ ಹಾರ್ಡನರ್ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟೆ. ಹಗುರವಾಗಿತ್ತು. ಒಂದು ಕೆ.ಜಿ.ಯಲ್ಲಿ ನಾನು ತೂಗಿದ್ದು ನಾನೂರೈವತ್ತು. ಐನೂರೈವತ್ತು ಉಳಿಯಬೇಕು. ತೂಗಿದೆ. ಮುನ್ನೂರು.

ಮತ್ತೆ ತೂಗಲಿಲ್ಲ. ಡಬ್ಬಿ ಹಿಡಿದುಕೊಂಡು ನೇರ ವರ್ಕ್‌ಶಾಪಿಗೆ ನಡೆದೆ. ಅವನು ಉಜ್ಜುತ್ತಿದ್ದ ಕಾರಿನ ಬಾನೆಟ್ ಮೇಲೆ ಅದನ್ನು ಕುಕ್ಕಿದೆ.

"ಇದರಲ್ಲಿ ಇನ್ನೂರೈವತ್ತು ಗ್ರಾಂ ಎಲ್ಲಿ ಹೋಯ್ತು?"

ಅವನು ಮೆಷಿನ್ ಆರಿಸಿದ. ಕಾರಿನ ಕೆಳಗಿನಿಂದ ಯಾರೋ, "ಏನೋ, ಮನೆಯವರು ಬಂದ್ರಾ?" ಎಂದು ಕೂಗಿದರು.

"ಸುಮ್ನಿರೋ ಮಾರಾಯ," ಎಂದ. ಆಮೇಲೆ ತಲೆ ತಗ್ಗಿಸಿ, "ಒಂದೊಂದು ಕಪ್ಪಿಗೂ ಸ್ವಲ್ಪ ಜಾಸ್ತಿ ಹಾಕ್ದೆ. ಇಲ್ಲಿ ನಾವು ಬಂಪರ್‌ಗೆ ಮೆತ್ತೋ ಅಂಟಿಗೆ ಹಾರ್ಡನರ್ ಜಾಸ್ತಿ ಮಾಡಿದ್ರೆ ಬೇಗ ಗಟ್ಟಿ ಆಗುತ್ತೆ. ಇದೂ ಹಂಗೇ ಅಂದ್ಕೊಂಡೆ."

"ಇದು ಹಂಗಲ್ಲ. ಇದರಲ್ಲಿ ಒಂದಕ್ಕೊಂದು ಜೊತೆ. ಜೊತೆ ಸಿಗದೆ ಉಳಿದದ್ದು ಜನ್ಮದಲ್ಲಿ ಗಟ್ಟಿ ಆಗಲ್ಲ. ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಸೋಮವಾರ ಸಂಜೆ. ಡಬ್ಬಿ ಮಾರಿದವನಿಗೆ ಫೋನ್ ಮಾಡಿದ್ದೆ."

"ಸೋಮವಾರ ಗೊತ್ತಾಯ್ತು. ಬುಧವಾರ ಬಂದು ನನ್ನ ಅಳತೆ ಆಚೀಚೆ ಆಗಿದೆ ಅಂದೆ ನೀನು."

ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದೆ. ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡದ್ದು, ಹೀಗೆ ಬಾಯಿಗೆ ಬಂತು.

"ಹೇಳಿದ್ರೆ ನೀವು ಮತ್ತೆ ಶೆಡ್ಡಿಗೆ ಸೇರಿಸಲ್ಲ ಅಂತ ಭಯ ಆಯ್ತು."

"ಭಯದ ಮಾತು ನನ್ನ ಹತ್ರ ಆಡಬೇಡ. ನಿನ್ನೆ ಒಂದು ಮಗುವಿನ ಔಷಧಿ ಕೈಯಲ್ಲಿ ಹಿಡಿದು ನಿಂತಿದ್ದೆ. ಚೀಟಿಯಲ್ಲಿ ಬರೆದದ್ದು ಕಣ್ಣಿಗೆ ಕಾಣ್ತಿದೆ. ಕಂಡದ್ದನ್ನ ನಂಬೋಕೆ ಆಗ್ತಿಲ್ಲ. ಆ ತಾಯಿ ಕಾಯ್ತಾ ನಿಂತಿದ್ದಾಳೆ. ದೋಣಿ ಕೆಡಿಸಿದ್ದು ಹಾಳಾಗಿ ಹೋಗ್ಲಿ. ನನ್ನ ಕಣ್ಣನ್ನ ಯಾಕೆ ಕೆಡಿಸಿದೆ?"

ಅವನು ಮೆಷಿನ್ ಕೆಳಗಿಟ್ಟ. ಕಾರಿನ ಕೆಳಗಿನಿಂದ ಒಂದು ತಲೆ ಇಣುಕಿತು.

"ಶನಿವಾರ ಬಂದು ಕೆರೆದು ತೆಗಿ. ಮತ್ತೆ ಹೊದಿಸಿ ಕೊಡು. ಅಲ್ಲಿಗೆ ಮುಗೀತು. ಆಮೇಲೆ ಈ ಕಡೆ ತಲೆ ಹಾಕಬೇಡ."

ಶನಿವಾರ ಎಂಟಕ್ಕೇ ಬಂದ. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಅಂಟನ್ನು ಸಡಿಲಿಸಿ, ಬಟ್ಟೆಯನ್ನು ಗೇಣುಗೇಣಾಗಿ ಸುಲಿದ. ಉಳಿದದ್ದನ್ನು ಕೆರೆದು, ಥಿನ್ನರಿನಲ್ಲಿ ಒರೆಸಿ, ಉಜ್ಜಿದ. ನಾನು ಇನ್ನೊಂದು ಬದಿಯನ್ನು ಕೆರೆದೆ. ಅಮ್ಮ ಎರಡು ಲೋಟ ಟೀ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ, "ಟೀ ಜೊತೇಲೂ ಜಗಳ ಇದ್ಯಾ?" ಎಂದು ಒಳಗೆ ಹೋದಳು. ಅವನು ಕುಡಿದ. ನನ್ನದು ಆರಿಹೋಯಿತು.

ಭಾನುವಾರ ಹೊಸ ಡಬ್ಬಿ, ಹೊಸ ಬಟ್ಟೆ. ಅದನ್ನು ಸುಕ್ಕಿಲ್ಲದೆ ಹೊದಿಸುವುದಕ್ಕೆ ಎರಡು ಜೊತೆ ಕೈ ಬೇಕು. ಅದಕ್ಕೂ ನನಗೆ ಸಿಟ್ಟು. ಅವನು ಆ ತುದಿ, ನಾನು ಈ ತುದಿ. ನಾನು ಎಳೆದರೆ ಅವನಿಗೆ ತಿಳಿಯುತ್ತಿತ್ತು, ಅವನು ಬಿಟ್ಟರೆ ನನಗೆ. ಈ ಸಲ ತೂಗಿದವಳೂ ನಾನೇ, ಕಲಸಿದವಳೂ ನಾನೇ. ಸುರಿದಲ್ಲೆಲ್ಲ ಬೆಳ್ಳಗಿನ ಬಟ್ಟೆ ಮಾಯವಾಗಿ, ಅಡಿಯಿಂದ ಮರದ ಗೆರೆಗಳು ಹೊಳೆದು ಬಂದವು. ಚೆಂದವಾಗಿತ್ತು. ಚೆಂದವಾಗಿದೆ ಎಂದು ಅವನಿಗೆ ಹೇಳುವಂತಿರಲಿಲ್ಲ.

ಏಳನೆಯ ಕಪ್ ಸುರಿದಾಗ ಅವನು, "ಯಾಕೆ ಆತುರ ಮಾಡಿದೆ ಅಂತ ನೀವು ಕೇಳ್ಲೇ ಇಲ್ಲ," ಎಂದ.

"ಶೆಡ್ಡಿಗೆ ಬಂದು ಬಂದು ಬೇಜಾರಾಗಿರಬೇಕು."

"ದೋಣಿ ಮುಗಿದ ದಿನ ನಿಮ್ಮನ್ನ ಒಂದು ಮಾತು ಕೇಳಬೇಕು ಅಂದ್ಕೊಂಡಿದ್ದೆ. ನನ್ನ ಮದುವೆ ಆಗ್ತೀರಾ ಅಂತ. ಈ ದೋಣಿ ನೋಡಿದ್ರೆ ಮುಗಿಯೋ ಲಕ್ಷಣಾನೇ ಇಲ್ಲ. ನೀವು ಒಂದೊಂದು ಹಲಗೆಯನ್ನೂ ನಾಲ್ಕು ಸಲ ಅಳೀತೀರಿ."

ನನ್ನ ಎರಡೂ ಕೈಗಳ ಗ್ಲೌಸ್ ಮೊಣಕೈವರೆಗೆ ಅಂಟಾಗಿದ್ದವು. ಕಪ್ಪಿನಲ್ಲಿ ಹದಿನಾಲ್ಕು ನಿಮಿಷ ಬಾಕಿ. ಎದ್ದು ಹೋಗುವಂತಿಲ್ಲ, ಕಣ್ಣು ಒರೆಸುವಂತಿಲ್ಲ.

"ಇದನ್ನ ಹೇಳೋಕೆ ನಿನಗೆ ಈಗಲೇ ಬೇಕಿತ್ತಾ?"

"ನಾಳೆಯಿಂದ ತಲೆ ಹಾಕಬೇಡ ಅಂದಿದ್ದೀರಲ್ಲ."

"ನಿನ್ನ ಕೈ ಕೆಳಗೆ ಗುಳ್ಳೆ ಇದೆ. ಮೊದಲು ಅದನ್ನ ಒತ್ತು."

ಒತ್ತಿದ. ಮಾಸ್ಕಿನ ಮೇಲೆ ಅವನ ಕಣ್ಣು ನಗುತ್ತಿರಲಿಲ್ಲ, ಕೆಂಪಾಗಿತ್ತು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಎರಡು ಕ್ಷಣ. ಮತ್ತೆ ಅಲ್ಲೇ ನೋಡಿದೆ.

"ಅಮ್ಮನ ಮುಂದೆ ಹೇಳ್ತೀಯಾ? ಮೊದಲು ಏನು ಮಾಡಿದೆ ಅಂತ. ಆಮೇಲೆ ಏನು ಬೇಕು ಅಂತ."

"ಅಮ್ಮಾ!" ಎಂದು ಅವನು ಕೂಗಿದ ಜೋರಿಗೆ ಅಮ್ಮ ಸೌಟು ಹಿಡಿದೇ ಓಡಿ ಬಂದಳು.

"ದೋಣಿ ಒಣಗದೆ ಇದ್ದದ್ದು ನನ್ನಿಂದ ಅಮ್ಮ. ಇವರ ಅಳತೆ ಸರಿಯಾಗೇ ಇತ್ತು. ತಪ್ಪು ನಾನು ಮಾಡಿ ಇವರ ಮೇಲೆ ಹಾಕ್ದೆ."

"ಇದನ್ನ ಹೇಳೋಕಾ ಕರೆದದ್ದು? ಇವಳ ಅಳತೆ ತಪ್ಪಲ್ಲ ಅಂತ ನಂಗೆ ಮೊದಲೇ ಗೊತ್ತು," ಎಂದಳು ಅಮ್ಮ. "ಒಲೆ ಮೇಲೆ ಸಾರಿದೆ. ಇನ್ನೇನು?"

ಅವನು ಬಾಯಿ ತೆರೆದ. ಮುಚ್ಚಿದ. ಕಿವಿ ಕೆಂಪಾಯಿತು. ನಾನು ಕಾದೆ. ಕಪ್ ಬೆಚ್ಚಗಾಗತೊಡಗಿತ್ತು.

ಎರಡನೆಯದನ್ನು ನಾನೇ ಹೇಳಿದೆ. "ಇವನಿಗೆ ನನ್ನ ಮದುವೆ ಆಗಬೇಕಂತೆ. ನಾನು ಆಗ್ತೀನಿ. ಆದರೆ ಸಿಟ್ಟು ಇನ್ನೂ ಹೋಗಿಲ್ಲ. ಯಾವಾಗ ಹೋಗುತ್ತೋ ಗೊತ್ತಿಲ್ಲ."

"ಒಪ್ಪಿದೆ ಅಂತ ಹೇಳೋ ಮುಖಾನೇನೇ ಇದು?" ಎಂದಳು ಅಮ್ಮ.

ಅವನು ಏನೋ ಹೇಳಲು ನನ್ನತ್ತ ತಿರುಗಿದ.

"ಆಮೇಲೆ," ಎಂದೆ. "ಆ ಅಂಚು ಇನ್ನೂ ಬೆಳ್ಳಗಿದೆ. ಕೈ ಆಡಿಸು."