ನೂರ ನಲವತ್ತೈದು ಇಂಚು

"ಇಳಿಯೋ ಕೆಳಗೆ!"

ಆನ್ಸೆಲ್ಮ್ ಬೇಟೆ ಬಂದೂಕನ್ನು ನನ್ನ ಎದೆಗೆ ಗುರಿಯಿಟ್ಟು ಅರಚಿದ.

ನಾನು ಇಳಿಯಲಿಲ್ಲ. ಸ್ಟೀರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಟ್ರಕ್ಕು ಒದೀಲ್ ಎಂಬ ಹೆಂಗಸಿನದು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಫ್ರಾನ್ಸಿನ ನಾರ್ಮಂಡಿಯಲ್ಲಿ ಬಿಟ್ಟುಹೋದ ಜಿಎಂಸಿ ಕಂಪನಿಯ ಗಾಡಿ. ಕದ್ದವರು ಈ ಆನ್ಸೆಲ್ಮ್ ಮತ್ತು ಅವನ ಭಾವಮೈದ ರೆಮಿ. ಹುಡುಕಿ ತಂದುಕೊಡು ಎಂದು ಒದೀಲ್ ನನ್ನನ್ನು ಗೊತ್ತುಮಾಡಿದ್ದಳು. ಇವರ ಹುಲ್ಲಿನ ಕೊಟ್ಟಿಗೆಗೆ ನುಗ್ಗಿದೆ, ಟ್ರಕ್ಕು ಹತ್ತಿ ಕೂತೆ... ಸಿಕ್ಕಿಬಿದ್ದೆ!

"ಹೊಡೆದುಬಿಡು ಅತ್ಲಾಗೆ!" ಎಂದ ರೆಮಿ.

"ಇಲ್ಲೇನಾ? ತಲೆ ಕೆಟ್ಟಿದ್ಯಾ? ಸೀಟು ಅಸಲಿ ಕ್ಯಾನ್ವಾಸು ಕಣೋ! ರಕ್ತದ ಕಲೆ ಹೋಗತ್ತಾ?"

ನೋಡಿ ಸ್ವಾಮಿ, ನನ್ನ ಜೀವ ಉಳಿಸಿದ್ದು ಒಂದು ತುಂಡು ಬಟ್ಟೆ! ಹಳೇ ಮಿಲಿಟರಿ ಟ್ರಕ್ಕಿನ ಹುಚ್ಚು ಹಿಡಿದವರೇ ಹೀಗೆ. ಮನುಷ್ಯನನ್ನು ಕೊಲ್ಲಲು ಹಿಂದೆಮುಂದೆ ನೋಡುವುದಿಲ್ಲ, ಬಣ್ಣ ಕೆರೆದರೆ ಅಳುತ್ತಾರೆ. ಆದರೆ ಇಬ್ಬರೂ ಸೇರಿ ಹೊರಗೆಳೆದರೆ ನನ್ನ ಕತೆ ಮುಗಿದಂತೆ. ಭಯವಾಯಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಯಾವ ಮಾಡೆಲ್ ಅಂತ ಕದ್ರಿ?"

"352. ಗಿಡ್ಡ ಚಾಸಿ. ಎಲ್ಲೂ ಸಿಗಲ್ಲ!" ಆನ್ಸೆಲ್ಮ್ ಎದೆಯುಬ್ಬಿಸಿದ.

ನಾನು ಜೋರಾಗಿ ನಕ್ಕೆ.

"ಇದು 353 ಕಣಯ್ಯಾ! ಉದ್ದದ್ದನ್ನ ಕತ್ತರಿಸಿ, ಬೆಸುಗೆ ಹಾಕಿ, ಗಿಡ್ಡ ಮಾಡಿದ್ದಾರೆ."

"ಸುಳ್ಳು!"

"ಅಳೆದು ನೋಡು. ಮುಂದಿನ ಚಕ್ರದ ನಡುವಿಂದ ಹಿಂದಿನ ಎರಡು ಆಕ್ಸೆಲ್‌ಗಳ ನಡುವಿಗೆ. ಅಸಲಿ ಆದ್ರೆ ನೂರ ನಲವತ್ತೈದು ಇಂಚು. ಕತ್ತರಿಸಿದೋನು ಅಷ್ಟು ಸರಿಯಾಗಿ ಬೆಸೀತಾನಾ?"

ಆನ್ಸೆಲ್ಮ್‌ನ ಮುಖ ಬಿಳಿಚಿಕೊಂಡಿತು. ಹೆಂಡತಿ ಓಡಿಹೋದಾಗಲೂ ಅವನು ಇಷ್ಟು ಇಳಿದುಹೋಗಿರಲಿಲ್ಲವಂತೆ!

"ರೆಮೀ... ಟೇಪ್ ತಗೊಂಡ್ ಬಾ!"

ಬಂದೂಕು ಗೋಡೆಗೆ ಒರಗಿತು. ಒಬ್ಬ ಮುಂದೆ ಕುಕ್ಕರಿಸಿದ, ಇನ್ನೊಬ್ಬ ಹಿಂದೆ.

"ನೂರ ನಲವತ್ತಾರೂವರೆ!"

"ನಡುವೆ ಹಿಡಿಯೋ ಗೂಬೆ!"

"ನಡುವೇನೇ ಹಿಡಿದಿದ್ದೀನಿ! ನಿನ್ನ ಕಡೆ ಸೊಟ್ಟ!"

ಈ ಟ್ರಕ್ಕಿಗೆ ಬೀಗದ ಕೈ ಬೇಡ. ಸ್ವಿಚ್ಚು ತಿರುಗಿಸಿದೆ, ಕಾಲಡಿಯ ಸ್ಟಾರ್ಟರ್ ತುಳಿದೆ. ಇಂಜಿನ್ ಗರ್ಜಿಸಿತು. ಕೊಟ್ಟಿಗೆಯ ಬಾಗಿಲು ಚೂರುಚೂರು!

ಹಿಂದೆ ಆನ್ಸೆಲ್ಮ್ ಬಂದೂಕು ಎತ್ತಿದ. ರೆಮಿ ಅದರ ನಳಿಗೆಯನ್ನು ಆಕಾಶಕ್ಕೆ ತಳ್ಳಿದ.

"ಟ್ರಕ್ಕಿಗೆ ತಾಗತ್ತೆ ಭಾವಾ!"

ವ್ಯಾನು ಹತ್ತಿ ಬೆನ್ನಟ್ಟಿದರು. ಬೇಲಿಗಳ ನಡುವಿನ ಇಕ್ಕಟ್ಟಾದ ದಾರಿ. ತಿರುವಿನಲ್ಲಿ ನನ್ನ ಪಕ್ಕಕ್ಕೇ ಬಂದುಬಿಟ್ಟರು. ಆನ್ಸೆಲ್ಮ್ ಕಿಟಕಿಯಿಂದ ಬಂದೂಕು ಚಾಚಿದ. ನಾನು ತಲೆ ತಗ್ಗಿಸಿದೆ...

"ಗೇರು ಮೆತ್ತಗೆ ಹಾಕೋ ಪಾಪಿ!"

ಅಷ್ಟೇ! ಸ್ಟೀರಿಂಗ್ ಅವರ ಕಡೆ ಒಂದಿಷ್ಟು ತಿರುಗಿಸಿದೆ. ಟ್ರಕ್ಕಿಗೆ ಗೀರು ಬಿದ್ದೀತೆಂದು ರೆಮಿ ವ್ಯಾನನ್ನು ತಾನೇ ಚರಂಡಿಗಿಳಿಸಿದ.

ನಾನು ಕರೆಸಿದ ಪೊಲೀಸರು ಇಬ್ಬರನ್ನೂ ಚರಂಡಿಯಿಂದ ಎತ್ತಿ ಕೂರಿಸಿದರು. ಕೈಗೆ ಬೇಡಿ ಬೀಳುತ್ತಿದ್ದರೂ ಆನ್ಸೆಲ್ಮ್‌ನ ಕಣ್ಣು ಟ್ರಕ್ಕಿನ ಮೇಲೇ.

"ನಿಜ ಹೇಳು ಮಾರಾಯಾ... ಅದು ಅಸಲಿ ತಾನೇ?"

ಅಸಲಿಯೇ. ಒದೀಲಳ ಅಜ್ಜ ಕೊಂಡಾಗಿನಿಂದ ಅದಕ್ಕೆ ಗರಗಸ ತಾಗಿಲ್ಲ.

"ನಂಗ್ಯಾಕೋ ಅನುಮಾನ," ಎಂದೆ.

ಆಮೇಲೆ ನ್ಯಾಯಾಧೀಶರು ಕೊಟ್ಟ ಮೂರು ವರ್ಷ ಅವನಿಗೆ ಕೇಳಿಸಲೇ ಇಲ್ಲವಂತೆ!