ಮೇಲೆ ಯಾರೂ ಇಲ್ಲ

"ನಾಚಿಕೆ ಆಗಲ್ವೇನ್ರೀ ನಿಮಗೆ?"

ಚಿತ್ರಮಂದಿರದ ದೀಪಗಳು ಆಗಷ್ಟೇ ಹೊತ್ತಿಕೊಂಡಿದ್ದವು. ಎದ್ದು ಹೊರಡಬೇಕಾದ ಜನ ಇನ್ನೂ ಕುಳಿತೇ ಇದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಗೆಳತಿಯ ಹೆಗಲಿಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. ಇಂಟರ್‌ವಲ್‌ವರೆಗೂ ಚಿಪ್ಸ್ ಮುಕ್ಕುತ್ತಿದ್ದ ದಪ್ಪ ಮನುಷ್ಯನೊಬ್ಬ ಅರ್ಧ ಉಳಿದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಪರದೆಯನ್ನೇ ನೋಡುತ್ತಿದ್ದ.

ಒಂದು ಜನಾಂಗವನ್ನೇ ಹುಡುಕಿ ಹುಡುಕಿ ಕೊಂದ ದಿನಗಳ ಕಥೆ ಅದು. ಶಾಲೆಯ ಅಟ್ಟದಲ್ಲಿ ಮಕ್ಕಳನ್ನು ಬಚ್ಚಿಟ್ಟು, ತಾನು ಗುಂಡಿಗೆ ಎದೆಯೊಡ್ಡಿದ ಮೇಷ್ಟ್ರ ಕಥೆ. ಅಂಥ ಸಿನಿಮಾ ನೋಡಿ ಕರಗದವರು ಯಾರು?

ಪುಟ್ಟಿಯ ಪಕ್ಕದ ಸೀಟಿನವನು! ಪುಣ್ಯಾತ್ಮ ಮೊದಲಿನಿಂದ ಕೊನೆಯವರೆಗೆ ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ ಕುಳಿತಿದ್ದ.

"ಜನ ಸಾಯೋದನ್ನ ತೋರಿಸ್ತಿದ್ರೆ ಹಾಯಾಗಿ ನಿದ್ದೆ ಹೊಡೀತಿದ್ದೀರಲ್ಲ! ಮನೇಲಿ ಹಾಸಿಗೆ ಇರಲಿಲ್ವಾ?" ಎಂದು ಪುಟ್ಟಿ ರೇಗಿದಳು.

ಅವನು ಕಣ್ಣು ತೆರೆದ. ಒದ್ದೆಯಾಗಿದ್ದವು. ಆದರೆ ಕೋಪ ನೆತ್ತಿಗೇರಿದಾಗ ಅದೆಲ್ಲ ಯಾರಿಗೆ ಕಾಣುತ್ತದೆ?

"ನಾನು ನಿದ್ದೆ ಮಾಡ್ತಿರಲಿಲ್ಲ..." ಎಂದವನ ದೃಷ್ಟಿ ಅವಳನ್ನು ದಾಟಿ ಆಚೆ ಬದಿಯ ಸೀಟಿಗೆ ಹೋಯಿತು. ಅವನ ಮುಖ ಬಿಳಿಚಿಕೊಂಡಿತು. "ಅಜ್ಜಿಗೆ... ಏನಾಯ್ತು?"

ಪುಟ್ಟಿ ತಿರುಗಿ ನೋಡಿದಳು. ಅವಳ ಜೊತೆ ಬಂದಿದ್ದ ಅಜ್ಜಿ ಸೀಟಿನಲ್ಲಿರಲಿಲ್ಲ. ಸೀಟಿನ ಕೆಳಗೆ, ಎರಡು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಮೊಣಕಾಲು ಎದೆಗೆ ಒತ್ತಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಅಳುತ್ತಿರಲಿಲ್ಲ. ಉಸಿರು ಕೇಳಿಸಬಾರದು ಎನ್ನುವಂತೆ ಹಿಡಿದುಕೊಂಡಿದ್ದಳು.

"ಬೂಟು..." ಎಂದಳು ಮೆಲ್ಲಗೆ. "ಪುಟ್ಟಿ, ಬೂಟು ಹೋಯ್ತಾ?"

ಪುಟ್ಟಿ ಅಂದರೆ ಚಿಕ್ಕ ಹುಡುಗಿಯೇನಲ್ಲ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ, ಬಾಯಿ ಸ್ವಲ್ಪ ಜೋರಿರುವ ಹೆಣ್ಣು. ಅಂಗಡಿಗೆ ಬಂದವರಿಗೆ ಮೇಡಂ, ಅಜ್ಜಿಗೆ ಮಾತ್ರ ಪುಟ್ಟಿ. ಅಪ್ಪ ಅಮ್ಮನನ್ನು ಬೇಗ ಕಳೆದುಕೊಂಡ ಅವಳಿಗೆ ಆ ಅಜ್ಜಿಯೇ ಸರ್ವಸ್ವ. ಅಜ್ಜಿ ಚಿಕ್ಕವಳಿದ್ದಾಗ ಅವಳ ಮನೆಯವರನ್ನೆಲ್ಲ ಕೊಂದಿದ್ದರು ಎಂಬುದಷ್ಟೇ ಪುಟ್ಟಿಗೆ ಗೊತ್ತು. ಕೇಳಿದಾಗಲೆಲ್ಲ ಅಜ್ಜಿ, "ಹೋದವರು ಹೋದರು, ನೀನು ಊಟ ಮಾಡು" ಎಂದು ಮಾತು ಮುಗಿಸುತ್ತಿದ್ದಳು. ಪೇಪರಿನಲ್ಲಿ ಈ ಸಿನಿಮಾದ ವಿಷಯ ಓದಿ, ಹೋಗೋಣ ಎಂದವಳೂ ಅಜ್ಜಿಯೇ.

ಅವನು ಬಗ್ಗಿದ. ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿ ಕೂರಿಸಿದರು. ಅವನೇ ಆಟೋ ಕರೆದ. ಹೊರಗೆ ಯಾರೋ, "ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ ಕಣೋ" ಎನ್ನುತ್ತಿದ್ದರು.

ಮರುವಾರ, ಪುಟ್ಟಿಯ ಚೀಲದ ಮೇಲಿದ್ದ ಹೆಸರು ನೋಡಿಟ್ಟುಕೊಂಡು, ಅವನು ಕನ್ನಡಕದ ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

"ಕಣ್ಣು ತೆರೆದು ಸಿನಿಮಾ ನೋಡೋ ಅಭ್ಯಾಸ ಮಾಡ್ಕೋಬೇಕು. ಕನ್ನಡಕ ಬೇಕಿತ್ತು ಮೇಡಂ."

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಪರೀಕ್ಷಿಸಿದರೆ ಕಣ್ಣಲ್ಲಿ ಒಂದಿಷ್ಟೂ ದೋಷವಿಲ್ಲ!

"ನಿಮ್ಮ ಕಣ್ಣು ಚೆನ್ನಾಗೇ ಇದೆ ನಿದ್ದೆರಾಯರೇ. ಮನೆಗೆ ಹೋಗಿ."

"ಸಿನಿಮಾಗೆ ಸೌಂಡ್ ಕೆಲಸ ಮಾಡ್ತೀನಿ. ಥಿಯೇಟರಲ್ಲಿ ಕಣ್ಣು ಮುಚ್ಚಿ ಜನರನ್ನ ಕೇಳಿಸ್ಕೊಳ್ತೀನಿ ಅಷ್ಟೇ. ಯಾರು ಯಾವಾಗ ಉಸಿರು ಹಿಡಿದ್ರು, ಯಾವಾಗ ಬಿಟ್ರು ಅಂತ... ಅಜ್ಜಿ ಹೇಗಿದ್ದಾರೆ?"

ಆ ಕೊನೆಯ ಪ್ರಶ್ನೆಗೆ ಪುಟ್ಟಿಯ ಮನಸ್ಸು ಮೆತ್ತಗಾಯಿತು. ಅಜ್ಜಿ ಚೆನ್ನಾಗಿರಲಿಲ್ಲ. ಸಿನಿಮಾ ನೋಡಿ ಬಂದ ದಿನದಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಮಂಚದ ಹಿಂದೆ ಸರಿಯುತ್ತಿದ್ದಳು. ಪುಟ್ಟಿ ಕೆಲಸಕ್ಕೆ ಹೋದರೆ ಮಾಡಿಟ್ಟ ಊಟ ಮುಟ್ಟುತ್ತಿರಲಿಲ್ಲ. ದಿನದಿಂದ ದಿನಕ್ಕೆ ಸೊರಗುತ್ತಿದ್ದಳು.

ಇದನ್ನೆಲ್ಲ ಪುಟ್ಟಿ ಹೇಳಿಕೊಂಡದ್ದು ಅವನೊಬ್ಬನ ಹತ್ತಿರವೇ. ಹೇಳುತ್ತ ಹೇಳುತ್ತ 'ನೀವು' ಹೋಗಿ 'ನೀನು' ಬಂತು. ಅಂಗಡಿ ಮುಚ್ಚುವ ಹೊತ್ತಿಗೆ ಅವನು ಬರುವುದು, ಅವಳನ್ನು ಬಸ್‌ಸ್ಟಾಪಿನವರೆಗೆ ಬಿಡುವುದು ರೂಢಿಯಾಯಿತು. ರಜೆಯ ದಿನ ಮನೆಗೆ ಬಂದರೆ ಮೆಟ್ಟಿಲ ಬುಡದಲ್ಲೇ ಶೂ ಕಳಚಿ, ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತಿದ್ದ. ಅಜ್ಜಿಗೂ ಅವನೆಂದರೆ ಇಷ್ಟ.

'ಎಷ್ಟು ಸೂಕ್ಷ್ಮ ಇವನು! ಇಂಥವನು ನನಗೆ ಸಿಕ್ಕನಲ್ಲ...' ಎಂದು ಪುಟ್ಟಿ ಒಳಗೊಳಗೇ ಬೀಗಿದಳು.

ಬೀಗಿದ್ದು ಹೆಚ್ಚು ದಿನ ಉಳಿಯಲಿಲ್ಲ.

ಅದೊಂದು ಮಧ್ಯಾಹ್ನ, ಹೇಳದೆ ಕೇಳದೆ ಅವನ ಸ್ಟುಡಿಯೋಗೆ ಹೋದಳು. ಕಿಟಕಿಯಿಲ್ಲದ ಕೋಣೆ. ನೆಲದಲ್ಲಿ ಒಂದು ಕಡೆ ಮರಳು, ಒಂದು ಕಡೆ ಕಲ್ಲು, ನಡುವೆ ಹಲಗೆ. ಗೋಡೆಯುದ್ದಕ್ಕೂ ಚಪ್ಪಲಿ, ಶೂಗಳ ಸಾಲು!

"ಅಯ್ಯೋ, ಇದೇನು ಚಪ್ಪಲಿ ಅಂಗಡಿನಾ?"

"ಪರದೆ ಮೇಲೆ ಯಾರು ನಡೆದರೂ ಆ ಹೆಜ್ಜೆ ಸದ್ದಿಗೆ ಇಲ್ಲಿ ನಡೆಯೋನು ನಾನೇ," ಎಂದು ಅವನು ನಕ್ಕ. "ನಾಯಕಿ ಓಡಿ ಬರ್ತಾಳಲ್ಲ, ಅದೂ ನಾನೇ."

ಪುಟ್ಟಿಯೂ ನಗುತ್ತ ಮೂಲೆಯಲ್ಲಿದ್ದ ಒಂದು ಜೊತೆ ದಪ್ಪ ಬೂಟುಗಳನ್ನು ಎತ್ತಿದಳು. ಭಾರಕ್ಕೆ ಒಂದು ಕೈಜಾರಿ ಹಲಗೆಯ ಮೇಲೆ ಬಿತ್ತು.

ಧಡ್.

ಅವಳ ನಗು ನಿಂತಿತು. ಶಾಲೆಯ ಮೆಟ್ಟಿಲೇರಿ ಬಂದ ಸದ್ದು... ಅಜ್ಜಿ ಸೀಟಿನ ಕೆಳಗೆ ಜಾರುವಂತೆ ಮಾಡಿದ ಸದ್ದು...

"ಇದು... ಆ ಸಿನಿಮಾದ್ದಾ?"

ಅವನು ಬಿದ್ದ ಬೂಟನ್ನು ಎತ್ತಿಕೊಂಡು ಹೌದೆಂದು ತಲೆಯಾಡಿಸಿದ.

"ಅಂದ್ರೆ ಆ ಬೂಟು ನೀನು. ನನ್ನಜ್ಜಿ ಊಟ ಬಿಟ್ಟು ಮಂಚದ ಹಿಂದೆ ಕೂತಿರೋದು ನಿನ್ನ ಹೆಜ್ಜೆಗೆ ಹೆದರಿ! ಅವತ್ತು ನಿನ್ನ ಮುಖ ಯಾಕೆ ಬಿಳಿಚ್ತು ಅಂತ ಈಗ ಅರ್ಥ ಆಯ್ತು. ನಿನಗೆ ಆ ಕ್ಷಣವೇ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಇಷ್ಟು ದಿನ ನಾನು ನಿನ್ನ ಹೆಗಲ ಮೇಲೆ ಅಳ್ತಿದ್ದಾಗ ಒಂದು ಮಾತು ಹೇಳಬಹುದಿತ್ತಲ್ಲ!"

"ಹೇಳಿದ್ರೆ ನೀನು ನನ್ನ ಜೊತೆ ಮಾತು ಬಿಡ್ತೀಯ ಅಂತ ಭಯ ಆಯ್ತು ಪುಟ್ಟಿ."

"ಆ ಹೆಸರು ಅಜ್ಜಿ ಕರೆಯೋದು. ನೀವು ಕರೀಬೇಡಿ."

ಅವನು ಮಾಡಿದ್ದು ಅವನ ಕೆಲಸ, ಅದು ಪುಟ್ಟಿಗೆ ತಿಳಿಯದ್ದಲ್ಲ. ಮುಚ್ಚಿಟ್ಟದ್ದು ಮಾತ್ರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಮನೆಗೆ ಬಂದು ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಫೋನ್ ಬಂದರೆ ಎತ್ತಲಿಲ್ಲ. ಕೆಲವು ದಿನಗಳಾದ ಮೇಲೆ ಫೋನ್ ಬರುವುದೂ ನಿಂತಿತು.

'ಇಷ್ಟೇನಾ ಇವನ ಪ್ರೀತಿ?' ಎಂದು ಅದಕ್ಕೂ ಅತ್ತಳು. ಪಾಪ, ಬೇಡ ಎಂದವಳೂ ಅವಳೇ, ಬರಲಿಲ್ಲ ಎಂದು ನೊಂದವಳೂ ಅವಳೇ.

ವಿಚಿತ್ರವೆಂದರೆ, ಅದೇ ದಿನಗಳಲ್ಲಿ ಅಜ್ಜಿ ಚೇತರಿಸಿಕೊಳ್ಳತೊಡಗಿದಳು. ಕೆಲಸ ಮುಗಿಸಿ ಬಂದರೆ ಅಜ್ಜಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಿದ್ದಳು. ಮಡಿಲಲ್ಲಿ ಬ್ರೆಡ್ಡಿನ ಚೂರುಗಳು, ಮುಖದಲ್ಲಿ ಕಳೆ.

"ಬ್ರೆಡ್ ಎಲ್ಲಿಂದ ಬಂತಜ್ಜಿ?"

"ಅವಳು ತಂದುಕೊಟ್ಟಳು."

"ಯಾರು?"

ಅಜ್ಜಿ ಮಡಿಲಿನ ಚೂರುಗಳನ್ನು ಒಂದೊಂದಾಗಿ ಒಟ್ಟುಮಾಡಿದಳು. ಆಮೇಲೆ, ಅಷ್ಟು ವರ್ಷ ತೆರೆಯದ ಬಾಯಿ ತೆರೆದಳು.

"ಬಟ್ಟೆ ಒಗೆಯೋಳು. ಅವಳ ಮನೆ ಅಟ್ಟದಲ್ಲಿ ನನ್ನ ಬಚ್ಚಿಟ್ಟಿದ್ದಳು. ಕತ್ತಲು ಪುಟ್ಟಿ, ಏನೂ ಕಾಣ್ತಿರಲಿಲ್ಲ. ಬರೀ ಕೇಳೋದು. ಬೂಟು ಬಂದರೆ ಉಸಿರು ಹಿಡೀಬೇಕು. ಅವಳ ಚಪ್ಪಲಿ ಬಂದರೆ ಉಸಿರು ಬಿಡಬಹುದು. ಒಂದು ಕಾಲು ಎಳೀತಿದ್ದಳು. ಸರ್... ಟಪ್. ಸರ್... ಟಪ್. ಬಟ್ಟೇಲಿ ಸುತ್ತಿದ ಬ್ರೆಡ್ ಬಾಗಿಲಲ್ಲಿ ಇಟ್ಟು ಹೋಗೋಳು. ನನ್ನ ಕರ್ಕೊಂಡು ಬಂದಾಗಲೂ ಕತ್ತಲೇ, ಅವಳ ಮುಖ ನಾನು ನೋಡಲೇ ಇಲ್ಲ."

"ಆಮೇಲೆ?"

"ಒಂದು ದಿನ ಚಪ್ಪಲಿ ಹಿಂದೆ ಬೂಟೂ ಬಂತು. ಚಪ್ಪಲಿ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, 'ಮೇಲೆ ಯಾರೂ ಇಲ್ಲ' ಅಂದಳು. ಅಷ್ಟೇ. ಸಿನಿಮಾದ ಮೇಷ್ಟ್ರ ಹಾಗೆ ಉದ್ದುದ್ದ ಮಾತೆಲ್ಲ ಆಡಲಿಲ್ಲ. ಎಷ್ಟು ಹೊಡೆದರೂ ಅದೊಂದೇ ಮಾತು. ಆಮೇಲೆ ಬೂಟಿನ ಜೊತೆ ಆ ಚಪ್ಪಲಿ ಸದ್ದೂ ದೂರ ಹೋಯ್ತು, ಮತ್ತೆ ಕೇಳಲಿಲ್ಲ." ಅಜ್ಜಿ ಬಾಗಿಲ ಕಡೆ ನೋಡಿ ನಕ್ಕಳು. "ಈಗ ಮತ್ತೆ ಬರ್ತಿದ್ದಾಳೆ."

ಪುಟ್ಟಿಯ ಎದೆ ಒಡೆಯಿತು. ಅಜ್ಜಿಯ ತಲೆ ಸರಿಯಿಲ್ಲ! ಡಾಕ್ಟರನ್ನು ಕೇಳಿದಳು. ವಯಸ್ಸಾದ ಮೇಲೆ ಹೀಗಾಗುವುದುಂಟು, ಊಟ ಮಾಡುತ್ತಿದ್ದಾರಲ್ಲ, ಬಿಡಿ ಎಂದರು ಅವರು. ಅಜ್ಜಿ ಕೆಳಗಿನ ಬೇಕರಿಯಿಂದ ತಾನೇ ತಂದುಕೊಂಡು ಹೀಗೆ ಹೇಳುತ್ತಿದ್ದಾಳೆಂದು ಪುಟ್ಟಿ ನಂಬಿದಳು. ಅಜ್ಜಿಯೆದುರು ಹೂಂಗುಟ್ಟಿ, ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಿದ್ದೆರಾಯ ಯಾಕೆ ಬರ್ತಿಲ್ವೇ?" ಎಂದು ಅಜ್ಜಿ ಒಮ್ಮೆ ಕೇಳಿದಳು.

"ಅವನ ಹೆಸರೆತ್ತಬೇಡ ಅಜ್ಜಿ."

"ಎತ್ತಲ್ಲ ಬಿಡು," ಎಂದು ಅಜ್ಜಿ ಬ್ರೆಡ್ಡಿನ ಚೂರು ಬಾಯಿಗೆ ಹಾಕಿಕೊಂಡಳು. "ಕೋಪ ಇಳಿದ ಮೇಲೆ ನೀನೇ ಎತ್ತೀಯ."

ಒಂದು ಶನಿವಾರ ಬೆಳಿಗ್ಗೆ ಅಜ್ಜಿ ಏಳಲಿಲ್ಲ.

ಭಾನುವಾರ ಎಲ್ಲ ಮುಗಿಯಿತು. ಬಂದ ನಾಲ್ಕಾರು ಜನ ಸಮಾಧಾನ ಹೇಳಿ ಹೋದರು. ಸೋಮವಾರ ಪುಟ್ಟಿ ಕೆಲಸಕ್ಕೆ ಹೋಗಲಿಲ್ಲ. ಅಜ್ಜಿಯ ಕುರ್ಚಿಯಲ್ಲಿ ಕುಳಿತಳು. ಅಳುವೂ ಬರುತ್ತಿರಲಿಲ್ಲ. ಇಡೀ ಜಗತ್ತಿನಲ್ಲಿ ಅವಳನ್ನು ಪುಟ್ಟಿ ಎನ್ನುವವರು ಯಾರೂ ಉಳಿದಿರಲಿಲ್ಲ.

ಸಂಜೆಯಾಯಿತು.

ಸರ್... ಟಪ್.

ಪುಟ್ಟಿ ತಲೆ ಎತ್ತಿದಳು.

ಸರ್... ಟಪ್. ಸರ್... ಟಪ್.

ಮೆಟ್ಟಿಲ ಮೇಲೆ! ಒಂದು ಕಾಲು ಎಳೆಯುತ್ತ, ಆತುರವಿಲ್ಲದೆ, ಒಂದೊಂದೇ ಮೆಟ್ಟಿಲು... 'ಅಯ್ಯೋ, ನನಗೂ ತಲೆ ಕೆಟ್ಟಿತಾ?' ಸದ್ದು ಬಾಗಿಲವರೆಗೆ ಬಂದು ನಿಂತಿತು. ಏನನ್ನೋ ಕೆಳಗಿಟ್ಟ ಹಾಗಾಯಿತು.

ಅವಳು ಬಾಗಿಲು ತೆರೆದಳು.

ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡನ್ನು ಹೊಸ್ತಿಲಲ್ಲಿಟ್ಟು ಬಗ್ಗಿದ್ದವನು ತಲೆ ಎತ್ತಿದ. ಅವನ ಕಾಲಿಗೆ ಸಾಲದ, ಸವೆದು ಹೋದ ಹೆಂಗಸರ ಚಪ್ಪಲಿ. ಹಿಮ್ಮಡಿ ಪೂರ್ತಿ ಹೊರಗೇ ಇತ್ತು.

"ನೀ... ನೀವಾ?"

"ಇವತ್ತು ಕೆಲಸ ಇರಲಿಲ್ವಾ ನಿನಗೆ?" ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಡವರಿಸಿದ. "ಬೈಬೇಡ. ಹೊರಟುಹೋಗ್ತೀನಿ. ಒಂದಿನ ನೀನಿಲ್ಲದ ಹೊತ್ತಲ್ಲಿ ಅಜ್ಜಿ ಹತ್ರ ಕ್ಷಮೆ ಕೇಳೋಕೆ ಅಂತ ಬಂದಿದ್ದೆ. ಎಲ್ಲ ಹೇಳಿಬಿಟ್ಟೆ. ಉಗೀತಾರೆ ಅಂದ್ಕೊಂಡಿದ್ದೆ. ಅಜ್ಜಿ ಕೇಳಿದ್ದು ಒಂದೇ ಮಾತು. 'ಬೂಟಿನ ಸದ್ದು ಮಾಡೋನಿಗೆ ಚಪ್ಪಲಿ ಸದ್ದು ಮಾಡೋಕೆ ಬರುತ್ತಾ?' ಅಂತ."

ಪುಟ್ಟಿ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅವರು ಹೇಳಿದ ಹಾಗೆ ಕಾಲು ಎಳೀತಾ ಎಷ್ಟು ಚಪ್ಪಲಿ ಹಾಕ್ಕೊಂಡು ಹತ್ತಿ ಬಂದೆನೋ! ಅಜ್ಜಿ ಒಳಗಿನಿಂದಲೇ, 'ಇವಳಲ್ಲ, ಇವಳು ಮದುವೆ ಮನೆಗೆ ಹೊರಟಿದ್ದಾಳೆ' ಅನ್ನೋರು. ಈ ಜೋಡಿ ಸಿಕ್ಕ ದಿನ ಮಾತ್ರ ಏನೂ ಅನ್ನಲಿಲ್ಲ. ಒಳಗೆ ಅಳೋದು ಕೇಳಿಸ್ತು. ಅವತ್ತಿಂದ ನೀನಿಲ್ಲದ ಹೊತ್ತಲ್ಲಿ ಬರ್ತೀನಿ. ಪುಟ್ಟಿಗೆ ಹೇಳಬೇಡ, ಅವಳ ಕೋಪ ತಾನಾಗೇ ಇಳೀಲಿ ಅಂದಿದ್ರು." ಅವನು ದನಿ ತಗ್ಗಿಸಿ ಒಳಗೆ ಇಣುಕಿದ. ಕುರ್ಚಿ ಖಾಲಿಯಿತ್ತು. "ಮಲಗಿದ್ದಾರಾ? ಶುಕ್ರವಾರ ಬ್ರೆಡ್ ಗಟ್ಟಿ ಅಂತ ಬೈದಿದ್ರು. ಇವತ್ತು ಮೆತ್ತಗಿರೋದು ತಂದಿದ್ದೀನಿ."

ಅವನಿಗೆ ಗೊತ್ತೇ ಇಲ್ಲ...

ಎರಡು ದಿನದಿಂದ ಬಾರದ ಅಳು ಪುಟ್ಟಿಗೆ ಈಗ ಬಂತು. "ಶನಿವಾರ..." ಎಂದಳು.

ಮುಂದೆ ಹೇಳುವ ಅಗತ್ಯವಿರಲಿಲ್ಲ. ಉಸಿರು ಕೇಳಿಯೇ ಎಲ್ಲವನ್ನೂ ತಿಳಿಯುವವನು ಅವನು. ಮೆಟ್ಟಿಲ ಮೇಲೆ ಕುಸಿದು ಕುಳಿತ. ಮೆತ್ತನೆಯ ಬ್ರೆಡ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟ.

"ಅಜ್ಜಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ," ಪುಟ್ಟಿ ಬಿಕ್ಕಿದಳು. "ದಿನಾ ಹೇಳ್ತಿದ್ದಳು, ಅವಳು ಬರ್ತಾಳೆ, ಅವಳು ಬರ್ತಾಳೆ ಅಂತ. ನಾನು ಒಂದಿನಾನೂ ನಂಬಲಿಲ್ಲ..."

ಅವನು ಕಣ್ಣೊರೆಸಿಕೊಂಡು ಎದ್ದ. ಬ್ರೆಡ್ಡನ್ನು ಮತ್ತೆ ಹೊಸ್ತಿಲಲ್ಲಿಟ್ಟ. ಇನ್ನು ಬರಲು ಕಾರಣವಿಲ್ಲ ಎಂಬಂತೆ ತಿರುಗಿ, ಮೆಟ್ಟಿಲು ಇಳಿಯತೊಡಗಿದ.

ಸರ್... ಟಪ್. ಸರ್... ಟಪ್.

ಸದ್ದು ದೂರವಾಗುತ್ತಿತ್ತು. ಅಟ್ಟದ ಕತ್ತಲಲ್ಲಿ ಕುಳಿತ ಒಂದು ಪುಟ್ಟ ಹುಡುಗಿ ಕೊನೆಯ ಸಲ ಕೇಳಿದ್ದು ಇದನ್ನೇ. ಆ ಹುಡುಗಿ ಕೂಗುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಇರಬೇಕಿತ್ತು. ಆದರೆ ಪುಟ್ಟಿ ಕೂಗಬಹುದಲ್ಲ?

"ನಿಲ್ಲು!"

ಸದ್ದು ನಿಂತಿತು.

"ಬಾಗಿಲಲ್ಲಿ ಇಟ್ಟು ಹೋಗೋಕೆ ನಾನು ಬಿಡಲ್ಲ. ಮೇಲೆ ಬಾ."

ಅವನು ಕೆಳಗಿನಿಂದಲೇ ತಲೆ ಎತ್ತಿದ.

"ಅಜ್ಜಿನೇ ಇಲ್ವಲ್ಲ... ಮೇಲೆ ಯಾರಿದ್ದಾರೆ ಇನ್ನು?"

"ನಾನಿದ್ದೀನಿ ಕಣೋ."

ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹತ್ತಿ ಬಂದ. ಪುಟ್ಟಿ ಆ ಚಪ್ಪಲಿಯನ್ನು ಅವನ ಕೈಯಿಂದ ತೆಗೆದುಕೊಂಡು, ಒಳಗೆ, ಅಜ್ಜಿಯ ಕುರ್ಚಿಯ ಪಕ್ಕದಲ್ಲಿಟ್ಟಳು. ಆಮೇಲೆ ಬ್ರೆಡ್ ಬಿಚ್ಚಿ, ಮುರಿದು, ಅರ್ಧ ಅವನಿಗೆ ಕೊಟ್ಟಳು.

"ಮೆತ್ತಗಿದೆಯಾ ಪುಟ್ಟಿ?" ಎಂದ ಅವನು, ಆ ಹೆಸರನ್ನು ಹೆದರಿ ಹೆದರಿ ಆಡುತ್ತ.

"ಹೂಂ," ಎಂದಳು ಅವಳು. "ಇನ್ನೊಂದ್ಸಲ ಕರಿ."